ಕೆಂಪಿಗೆ ಮಡಿಲು ತುಂಬಿದ ದಿನ

ಕುದುರೆ ಫಾರಂನಲ್ಲಿ ಕೆಲಸ ಮಾಡಿದವನು ಎಂದು ಗೊತ್ತಾದ ಕೂಡಲೇ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ‘ಈ ಭಾನುವಾರ ಯಾವುದು ಗೆಲ್ಲುತ್ತೆ, ಸ್ವಲ್ಪ ಹೇಳಿ ಗುರು.’ ಕಟಿಂಗ್ ಶಾಪಿನಲ್ಲಿ ಕೇಳಿದ್ದಾರೆ, ತಿಥಿ ಊಟಕ್ಕೆ ಕೂತಾಗಲೂ ಕೇಳಿದ್ದಾರೆ. ಅದು ಗೊತ್ತಿದ್ದರೆ ನಾನು ಇಷ್ಟು ವರ್ಷ ಶೆಟ್ಟಿಹಳ್ಳಿಯ ಎರಡು ಕೋಣೆಯ ಮನೆಯಲ್ಲಿ ಯಾಕೆ ಇರುತ್ತಿದ್ದೆ? ನಮ್ಮದು ಓಡುವ ಕುದುರೆಯ ಕೆಲಸವಲ್ಲ, ಓಡಿ ಮುಗಿಸಿದ ಕುದುರೆಯ ಕೆಲಸ. ರೇಸು ಬಿಟ್ಟ ಹೆಣ್ಣು ಕುದುರೆಗಳನ್ನು ತಂದು, ಬೀಜದ ಕುದುರೆಗೆ ಕೊಟ್ಟು, ಮರಿ ಮಾಡಿಸಿ, ಆ ಮರಿಯನ್ನು ಸಾಕಿ ಮಾರುವ ಸ್ಟಡ್ ಫಾರಂ. ಯಲಹಂಕ ದಾಟಿ ದೊಡ್ಡಬಳ್ಳಾಪುರದ ಕಡೆಗೆ ಹೋಗುವಾಗ ಬಲಕ್ಕೆ ಹುಲ್ಲುಗಾವಲು, ಬಿಳಿ ಬೇಲಿ ಕಾಣುತ್ತಿತ್ತು. ಈಗ ಅಲ್ಲಿ ಅಪಾರ್ಟ್‌ಮೆಂಟು ಕಾಣುತ್ತದೆ. 2019ರಲ್ಲಿ ಫಾರಂ ಮುಚ್ಚುವವರೆಗೂ ನಾನು ಅಲ್ಲಿ ಮೇಸ್ತ್ರಿಯಾಗಿದ್ದೆ. ಹೆಸರು ರಾಮಾಂಜಿನಪ್ಪ. ಎಲ್ಲರೂ ರಾಮಾಂಜಿ ಎನ್ನುತ್ತಿದ್ದರು.

ಈಗಲೂ ಕೆಲವರು ಈ ಕೆಲಸಕ್ಕೆ ಸೇರಬೇಕೆಂದು ನನ್ನನ್ನು ವಿಚಾರಿಸಿಕೊಂಡು ಬರುತ್ತಾರೆ. ಮೊಬೈಲಿನಲ್ಲಿ ಕುದುರೆಯ ಫೋಟೋ ತೋರಿಸಿ, ‘ನಂಗೆ ಕುದ್ರೆ ಅಂದ್ರೆ ಪ್ರಾಣ ಅಂಕಲ್’ ಎನ್ನುತ್ತಾರೆ. ಸಂತೋಷ. ಲದ್ದಿ ಬಾಚುವುದು, ಗೊರಸು ಕೆರೆಯುವುದು, ಒದೆಯಿಂದ ತಪ್ಪಿಸಿಕೊಳ್ಳುವುದು ಇವೆಲ್ಲ ಮೂರು ತಿಂಗಳಲ್ಲಿ ತಾನಾಗಿ ಬರುತ್ತವೆ. ಆದರೆ ಒಂದು ಮಾತು ಮೊದಲೇ ತಿಳಿದಿರಲಿ. ನೀವು ಸಾಕುವ ಕುದುರೆಗಳಲ್ಲಿ ಒಂದೂ ನಿಮ್ಮದಲ್ಲ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೆಂಪಿಯ ವಿಷಯದಲ್ಲಿ ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ನಮ್ಮಪ್ಪ ಯಶವಂತಪುರ ಸ್ಟೇಷನ್ ಮುಂದೆ ಜಟಕಾ ಓಡಿಸುತ್ತಿದ್ದರು. ನಾನು ಚಿಕ್ಕವನಿದ್ದಾಗ ಒಮ್ಮೆ ಅವರು ಎಲ್ಲಿಂದಲೋ ಒಂದು ಎತ್ತರದ ಹೆಣ್ಣು ಕುದುರೆಯನ್ನು ತಂದರು. ರೇಸಿನಲ್ಲಿ ಓಡಿದ್ದ ಕುದುರೆಯಂತೆ. ಮರಿಗೆಂದು ಯಾರೋ ತೆಗೆದುಕೊಂಡರಂತೆ, ಗರ್ಭ ಕಟ್ಟಲಿಲ್ಲವಂತೆ. ಅವರು ಇನ್ನೊಬ್ಬರಿಗೆ, ಇನ್ನೊಬ್ಬರು ಮದುವೆ ಮೆರವಣಿಗೆಯವರಿಗೆ ಕೊಟ್ಟು, ಕೊನೆಗೆ ಅದು ನಮ್ಮಪ್ಪನ ಜಟಕಾಕ್ಕೆ ಬಂದಿತ್ತು. ಅಂಥ ತೆಳ್ಳನೆ ಕಾಲಿನ ಪ್ರಾಣಿ ಮೂಟೆ ಹೇರಿದ ಗಾಡಿ ಎಳೆಯುವುದನ್ನು ನೋಡಲಿಕ್ಕೆ ಆಗುತ್ತಿರಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಸತ್ತುಹೋಯಿತು. ಅಂದಿನಿಂದ ನನ್ನ ತಲೆಯಲ್ಲಿ ಒಂದು ಲೆಕ್ಕಾಚಾರ ಕೂತುಬಿಟ್ಟಿತು. ರೇಸು ಬಿಟ್ಟ ಹೆಣ್ಣು ಕುದುರೆ ಬಸುರಿಯಾದರೆ ಉಳಿಯಿತು, ಆಗದಿದ್ದರೆ ಬೀದಿಗೆ ಬಿತ್ತು. ಫಾರಂ ಸೇರಿದ ಮೇಲೂ ನಾನು ಕಂಡದ್ದು ಬಹುಮಟ್ಟಿಗೆ ಅದೇ.

ಫಾರಂನಲ್ಲಿ ನಮ್ಮ ಮೇಲಿದ್ದವರು ಮೇಜರ್ ಸಾಹೇಬರು. ಸೈನ್ಯದಲ್ಲಿ ಕುದುರೆಗಳ ವಿಭಾಗದಲ್ಲಿದ್ದು ರಿಟೈರ್ ಆದವರು. ಕೊರಳಲ್ಲಿ ಸೀಟಿ, ಮೀಸೆಯ ತುದಿಗೆ ಮೇಣ. ಮನುಷ್ಯರನ್ನು ಸೀಟಿ ಊದಿ ಕರೆಯುತ್ತಿದ್ದರು, ಕುದುರೆಗಳನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಯಾರಾದರೂ ಬಕೆಟ್ ಜೋರಾಗಿ ಇಟ್ಟರೆ ಸಾಕು, ‘ರಾಮಾಂಜಿ, ಇದು ಮೆಟರ್ನಿಟಿ ವಾರ್ಡು. ಇಲ್ಲಿ ಪಾತ್ರೆ ಅಂಗಡಿ ಇಟ್ಟಿರೋದು ಯಾರು?’ ಎನ್ನುವರು. ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ವಿಮಾನಗಳ ಪ್ರದರ್ಶನ ನಡೆಯುವಾಗ ಅವರ ಅವಸ್ಥೆ ನೋಡಬೇಕಿತ್ತು. ತಲೆಯ ಮೇಲೆ ಫೈಟರ್ ವಿಮಾನ ಹೋದರೆ ಗಬ್ಬದ ಕುದುರೆಗಳು ಬೆದರಿ ಬೇಲಿಗೆ ನುಗ್ಗುತ್ತಿದ್ದವು. ಎಲ್ಲವನ್ನೂ ಲಾಯದೊಳಗೆ ಕೂಡಿ, ಪ್ರತಿ ಲಾಯಕ್ಕೂ ಒಂದು ರೇಡಿಯೋ ಹಾಕಿ, ಮೇಜರ್ ಆಕಾಶಕ್ಕೆ ಸೀಟಿ ಊದುವುದೊಂದು ಬಾಕಿ. ಸೈನ್ಯದವರೇ ಸೈನ್ಯವನ್ನು ಬೈದುಕೊಳ್ಳುವುದನ್ನು ಕೇಳಿ ನಾವು ಮರೆಯಲ್ಲಿ ನಗುತ್ತಿದ್ದೆವು.

ಆಗಿನ ನಮ್ಮ ಪದ್ಧತಿಯನ್ನೂ ಹೇಳಿಬಿಡುತ್ತೇನೆ. ಹೆಣ್ಣು ಕುದುರೆ ಬೆದೆಗೆ ಬಂದಿದೆಯೇ ಇಲ್ಲವೇ ಎಂದು ತಿಳಿಯಲು ‘ಟೀಸರ್’ ಎಂಬ ಒಂದು ಗಂಡು ಕುದುರೆ ಇರುತ್ತದೆ. ನಮ್ಮ ಟೀಸರಿನ ಹೆಸರು ಭೀಮ. ಬೆಳಗ್ಗೆ ಅವನನ್ನು ಹಿಡಿದು ಪ್ರತಿ ಹೆಣ್ಣಿನ ಮುಂದೆ ನಿಲ್ಲಿಸುವುದು. ನಡುವೆ ದಪ್ಪ ಹಲಗೆಯ ಅಡ್ಡ. ಅವಳು ಒಲಿದು ನಿಂತರೆ ಬೆದೆ, ಕಿವಿ ಹಿಂದಕ್ಕೆ ಮಡಚಿ ಒದ್ದರೆ ಇಲ್ಲ. ಅವಳು ಒಲಿದಳೆಂದು ಗೊತ್ತಾದ ತಕ್ಷಣ ಭೀಮನನ್ನು ಎಳೆದುಕೊಂಡು ಹೋಗಿ, ದುಬಾರಿ ಬೀಜದ ಕುದುರೆಯನ್ನು ತರುವುದು. ಪಾಪ, ಊರೆಲ್ಲ ಹೆಣ್ಣು ನೋಡಿ ಬೇರೆಯವರಿಗೆ ಮದುವೆ ಮಾಡಿಸುವ ಬ್ರಹ್ಮಚಾರಿ ದಲ್ಲಾಳಿ ಅವನು. ಭೀಮನ ಕಿವಿ ನೋಡಿ, ಹೆಣ್ಣಿನ ಬಾಲ ನೋಡಿ ನಿರ್ಧಾರ ಹೇಳುವುದು ನನ್ನ ಕೆಲಸ. ಅದರಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು.

ಕೆಂಪಿ ನಮ್ಮಲ್ಲಿಗೆ ಬಂದದ್ದು 2011ರ ಮಳೆಗಾಲದ ಕೊನೆಗೆ. ರೇಸಿನಲ್ಲಿ ಅವಳ ಹೆಸರು ಲೇಕ್ ವ್ಯೂ ಕ್ವೀನ್. ಮಾಲೀಕರು ಪುಟ್ಟೇನಹಳ್ಳಿ ಕೆರೆಯ ಹತ್ತಿರ ಕಟ್ಟಿದ ಬಡಾವಣೆಗೂ ಲೇಕ್ ವ್ಯೂ ಎಂದೇ ಹೆಸರು, ಹಾಗಾಗಿ ಒಂದೇ ಬೋರ್ಡಿನಲ್ಲಿ ಎರಡು ಕೆಲಸ. ಕಂದು ಕೆಂಪು ಮೈಬಣ್ಣ ನೋಡಿ ನಾವು ಕೆಂಪಿ ಎಂದೆವು, ಕೊನೆಗೆ ಮಾಲೀಕರೂ ಹಾಗೇ ಕರೆಯತೊಡಗಿದರು.

ಮಾಲೀಕರು ನಾಲ್ವರು. ನಾಲ್ಕು ಜನ ಸೇರಿ ಒಂದು ಕುದುರೆ ಇಟ್ಟುಕೊಂಡರೆ ಅದಕ್ಕೆ ಸಿಂಡಿಕೇಟ್ ಎನ್ನುತ್ತಾರೆ. ಬಹಳ ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎಂಬ ಗಾದೆಯನ್ನು ಮಾಡಿದವನು ಸಿಂಡಿಕೇಟ್ ಕುದುರೆ ನೋಡಿಯೇ ಮಾಡಿರಬೇಕು. ಹಿರಿಯರು ಪುಟ್ಟೇನಹಳ್ಳಿಯ ಮುನಿಕೃಷ್ಣಪ್ಪಗೌಡರು. ಒಂದು ಕಾಲದಲ್ಲಿ ಕೆರೆ ಕೆಳಗೆ ರಾಗಿ, ಹೂವು ಬೆಳೆದ ಮನೆತನ, ಈಗ ಸೈಟು, ಕಟ್ಟಡ. ಎರಡನೆಯವರು ಅವರ ಹೆಂಡತಿಯ ತಮ್ಮ ಚಂದ್ರಪ್ಪ, ಬಾಯಿ ಜೋರು, ಕೈಯಲ್ಲಿ ಸದಾ ಎರಡು ಫೋನು. ಮೂರನೆಯವರು ಜಾಲಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಅಧಿಕಾರಿಯಾಗಿದ್ದು ರಿಟೈರ್ ಆದ ರಾವ್. ನಾಲ್ಕನೆಯವರು ಆರ್.ಟಿ. ನಗರದಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದವರು. ಅವರು ಎಲ್ಲದಕ್ಕೂ ‘ನಿಮ್ಮಿಷ್ಟ’ ಎನ್ನುವುದನ್ನು ಬಿಟ್ಟು ಬೇರೆ ಮಾತಾಡಿದ್ದು ನಾನು ಕೇಳಿಲ್ಲ.

ಈ ನಾಲ್ವರು ಕೈ ಎತ್ತಿಸಿ ಮತ ಎಣಿಸಿದವರಲ್ಲ. ಹಳ್ಳಿ ಕಟ್ಟೆಯ ಪದ್ಧತಿಯನ್ನೇ ಇಲ್ಲಿಗೂ ತಂದಿದ್ದರು. ಚಿಕ್ಕವರು ಮೊದಲು ಮಾತಾಡುವುದು, ಹಿರಿಯರು ಕೊನೆಗೆ. ಹಿರಿಯರಿಗೆ ಒಪ್ಪಿಗೆ ಇಲ್ಲದಿದ್ದರೆ ಅವರೇ ಬಾಯಿಬಿಟ್ಟು ಹೇಳಬೇಕು, ಅವರನ್ನು ‘ನೀವೇನಂತೀರಿ’ ಎಂದು ಕೇಳುವುದು ಮರ್ಯಾದೆಯಲ್ಲ. ಮಾತಾಡದೆ ಎದ್ದರೆ ಒಪ್ಪಿದಂತೆ. ರೇಸಿನ ದಿನಗಳಲ್ಲಿ ಜಾಕಿ ಬದಲಾಯಿಸಿದ್ದೂ ಹೀಗೆಯೇ, ಅವಳ ಕಾಲಿನ ನರ ಊದಿಕೊಂಡಾಗ ರೇಸು ಬಿಡಿಸಿದ್ದೂ ಹೀಗೆಯೇ.

ರೇಸಿನಿಂದ ನೇರ ಬಂದ ಕುದುರೆಯನ್ನು ಹುಲ್ಲುಗಾವಲಿಗೆ ಹಾಗೇ ಬಿಡಬಾರದು. ಬಿಟ್ಟರೆ ಬೇಲಿ ಕಾಣದೆ ಓಡಿ ಕಾಲು ಮುರಿದುಕೊಳ್ಳುತ್ತದೆ. ಮೊದಲು ಲಾಳ ತೆಗೆಸಬೇಕು, ಓಟ್ಸ್ ಕಡಿಮೆ ಮಾಡಿ ಹುಲ್ಲು ಹೆಚ್ಚಿಸಬೇಕು, ಚಿಕ್ಕ ಆವರಣದಲ್ಲಿ ಒಂದು ಮುದಿ, ಸಾಧು ಕುದುರೆಯ ಜೊತೆ ಬಿಡಬೇಕು. ಮೈ ರೇಸನ್ನು ಮರೆಯುವುದಕ್ಕೆ ತಿಂಗಳುಗಳು ಬೇಕು. ಕೆಂಪಿ ಬೆಳಗಿನ ಜಾವವೇ ಎದ್ದು ಬಾಗಿಲಿಗೆ ಎದೆ ಒತ್ತಿ ನಿಲ್ಲುತ್ತಿದ್ದಳು, ಟ್ರ್ಯಾಕಿಗೆ ಕರೆದುಕೊಂಡು ಹೋಗಲು ಯಾರೋ ಬರುತ್ತಾರೆ ಎಂದು. ಯಾರೂ ಬಾರದಿದ್ದರೆ ಸಿಟ್ಟಿನಿಂದ ಬಕೆಟ್ ಉರುಳಿಸುವಳು. ನಾನು ಹೋಗಿ ಕುತ್ತಿಗೆ ತಟ್ಟಿ, ‘ಡ್ಯೂಟಿ ಮುಗೀತು ಕಣವ್ವ, ಇನ್ ಮಲಕೋ’ ಎನ್ನುತ್ತಿದ್ದೆ. ಈಗ ನನಗೇ ಬೆಳಗಿನ ಜಾವ ಎಚ್ಚರವಾಗಿ ಏನು ಮಾಡಬೇಕೆಂದು ತಿಳಿಯುವುದಿಲ್ಲ, ಅವಳ ಸಂಕಟ ಈಗ ಅರ್ಥವಾಗುತ್ತಿದೆ.

ಹೊಟ್ಟೆ ಇಳಿಬಿದ್ದು, ಮೈಯ ಹೊಳಪು ಹೋದಾಗ ಚಂದ್ರಪ್ಪ ಬಂದು ನೋಡಿ ನನ್ನ ಮೇಲೆ ರೇಗಿದರು. ‘ಏನ್ರೀ ರಾಮಾಂಜಿ, ಕುದ್ರೆ ಕೊಟ್ರೆ ಎಮ್ಮೆ ಮಾಡಿಟ್ಟಿದೀರಲ್ರೀ.’ ಮೇಜರ್ ನಗದೆ ಹೇಳಿದರು. ‘ತಾಯಿ ಆಗೋರು ಹಿಂಗೇ ಇರ್ಬೇಕು ಮಿಸ್ಟರ್ ಚಂದ್ರಪ್ಪ.’

ಜಯಮ್ಮ ಮೊದಲ ಸಲ ಬಂದದ್ದು ಆ ದಿನಗಳಲ್ಲೇ. ಮುನಿಕೃಷ್ಣಪ್ಪಗೌಡರ ಹೆಂಡತಿ. ಕುದುರೆ ಓಡುತ್ತಿದ್ದಷ್ಟು ಕಾಲ ಒಂದು ಸಲವೂ ಅದರ ಮುಖ ನೋಡಿದವರಲ್ಲ, ಮನೆಯಲ್ಲಿ ಅದರ ಮಾತೆತ್ತಿದರೆ ‘ಜೂಜಿನ ಮೂದೇವಿ’ ಎಂದು ಎದ್ದು ಹೋಗುತ್ತಿದ್ದರಂತೆ. ಆವತ್ತು ದೊಡ್ಡಬಳ್ಳಾಪುರದ ನೆಂಟರ ಮನೆಗೆ ಹೋಗುವಾಗ ಗೌಡರು ಕಾರು ನಿಲ್ಲಿಸಿದ್ದರು, ಇವರು ಇಳಿಯಲೂ ಮನಸ್ಸಿಲ್ಲದೆ ಇಳಿದಿದ್ದರು. ಕೆಂಪಿ ಬೇಲಿಯ ಹತ್ತಿರ ಬಂದು ಅವರ ಸೆರಗು ಮೂಸಿದಳು. ಜಯಮ್ಮ ಕೈ ಹಿಂದಕ್ಕೆಳೆದುಕೊಂಡು, ಮತ್ತೆ ಮುಂದೆ ತಂದು, ಹಣೆ ಮುಟ್ಟಿದರು.

‘ಇದ್ರ ಕಣ್ಣು ನೋಡಪ್ಪ. ಇದು ಜೂಜಾಡೋ ಕಣ್ಣಾ?’ ಎಂದು ನನ್ನನ್ನು ಕೇಳಿದರು.

‘ಆಡೋರು ಬೇರೆ ಅಮ್ಮ. ಅವಳು ಓಡಿದ್ದಷ್ಟೇ’ ಎಂದೆ.

ಗೌಡರು ಬೇರೆ ಕಡೆ ನೋಡಿದರು. ಅಲ್ಲಿಂದ ಮುಂದೆ ಜಯಮ್ಮ ಶುಕ್ರವಾರಗಳಲ್ಲಿ ಬರತೊಡಗಿದರು. ಅವರ ತೋಟದ ಗರಿಕೆ ಹುಲ್ಲು ಕೊಯ್ದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ತರುವರು. ಊರೆಲ್ಲ ಬಡಾವಣೆಯಾದರೂ ಕೆರೆಯ ಪಕ್ಕ ಒಂದಿಷ್ಟು ಮಾವಿನ ತೋಟವನ್ನು ಗೌಡರು ಹೆಂಡತಿಗೋಸ್ಕರ ಉಳಿಸಿಕೊಂಡಿದ್ದರು. ಹೊರಗಿನ ತಿಂಡಿ ಕುದುರೆಗೆ ಹಾಕಬಾರದು ಎಂಬುದು ಮೇಜರ್ ಕಾನೂನು. ಮೊದಲ ಸಲ ಸೀಟಿ ಊದಿದರು. ಜಯಮ್ಮ ಸೀಟಿಯ ಕಡೆ ತಿರುಗಿಯೂ ನೋಡದಿದ್ದ ಮೇಲೆ, ‘ಗ್ರಾಸ್ ಈಸ್ ಗ್ರಾಸ್’ ಎಂದು ಆಫೀಸಿಗೆ ಹೋಗಿಬಿಟ್ಟರು.

ಮೊದಲ ವರ್ಷ ಕೆಂಪಿ ಬೆದೆಗೇ ಬರಲಿಲ್ಲ. ರೇಸಿನಿಂದ ಬಂದವರಿಗೆ ಹೀಗಾಗುತ್ತದೆ, ಕಾಯಿರಿ ಎಂದೆವು. ಎರಡನೆಯ ವರ್ಷ ಲಾಯದಲ್ಲಿ ಸಂಜೆಯ ಮೇಲೂ ದೊಡ್ಡ ಬಲ್ಬು ಹಾಕಿಟ್ಟೆವು, ಹಗಲು ಉದ್ದವಾಯಿತೆಂದು ಮೈ ತಿಳಿದುಕೊಂಡು ಬೇಗ ಬೆದೆಗೆ ಬರಲಿ ಎಂದು. ಜಯಮ್ಮ, ‘ಏನಪ್ಪಾ, ಕೋಳಿ ಫಾರಂ ಮಾಡ್ಬುಟ್ರಾ’ ಎಂದರು. ಭೀಮನನ್ನು ಕಂಡರೆ ಕೆಂಪಿ ಹಲ್ಲು ಕಿರಿದು ಹಲಗೆ ಒದೆಯುತ್ತಿದ್ದಳು. ಒಮ್ಮೆ ಒದ್ದ ರಭಸಕ್ಕೆ ಹಲಗೆಯ ಚಕ್ಕೆ ಎದ್ದು ನನ್ನ ಹುಬ್ಬು ಸೀಳಿತು, ಗುರುತು ಇನ್ನೂ ಇದೆ. ಎರಡು ಸಲ ಅಂದಾಜಿನ ಮೇಲೆ ಬೀಜದ ಕುದುರೆಗೆ ಕೊಟ್ಟೆವು. ಗರ್ಭ ನಿಲ್ಲಲಿಲ್ಲ.

ಒಂದು ಶುಕ್ರವಾರ ಜಯಮ್ಮ ಹುಲ್ಲು ತಿನ್ನಿಸುತ್ತಾ ಅವಳ ಜೊತೆ ಮಾತಾಡುತ್ತಿದ್ದರು, ನಾನು ಪಕ್ಕದ ಲಾಯದಲ್ಲಿದ್ದೆ. ‘ಅನ್ನೋರು ಅಂತಾರೆ ಕಣೆ. ನಂಗೂ ಅಂದ್ರು. ಮದ್ವೇಗೆ ಕರೀತಿರ್ಲಿಲ್ಲ, ತೊಟ್ಲು ಶಾಸ್ತ್ರಕ್ಕೆ ಕರೀತಿರ್ಲಿಲ್ಲ. ಕೊನೇಗೆ ಒಬ್ಳು ಮಗ್ಳು ಉಟ್ಟಿದ್ಲು. ಉಟ್ದೇ ಇದ್ರೂ ನಾನ್ ಬದ್ಕಿರ್ತಿದ್ದೆ.’ ನಾನು ಕೆಮ್ಮಿ ನನ್ನ ಇರವು ತಿಳಿಸಿದೆ. ಅವರಿಗೆ ನಾಚಿಕೆಯಾದಂತೆ ಕಾಣಲಿಲ್ಲ.

2013ರ ಕೊನೆಗೆ ನಾಲ್ವರೂ ಫಾರಂಗೆ ಬಂದರು. ಆಫೀಸಿನ ಮುಂದಿನ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿದೆ. ಚಂದ್ರಪ್ಪನ ಮಾತು ನೇರವಾಗಿತ್ತು. ಬಂಜೆ ಕುದುರೆಯನ್ನು ಎಷ್ಟು ದಿನ ಮೇಯಿಸುವುದು, ಯಾರಿಗಾದರೂ ಕೊಟ್ಟುಬಿಡೋಣ. ಆಗ ಜಯಮ್ಮ, ಗಂಡಸರ ಮಾತಿನ ನಡುವೆ ಎಂದೂ ಬಾರದವರು, ಕಾರಿನಿಂದ ಇಳಿದು ಬಂದರು.

‘ಯಾರ್ಗೋ ಯಾಕ್ ಕೊಡ್ತೀಯ? ನಂಗ್ ಕೊಡು. ತೋಟದಾಗ್ ಇರ್ಲಿ. ಮರಿ ಆಕ್ಲಿ ಅಂತ ನಾನೇನ್ ಕಾಯ್ತಿಲ್ಲ.’

ಚಂದ್ರಪ್ಪ ನಕ್ಕುಬಿಟ್ಟರು. ‘ಬೇಕಾದ್ರೆ ತಗೊಂಡೋಗಕ್ಕ. ಬಂಜೆ ಕುದ್ರೆ ಇನ್ಯಾವನಿಗ್ ಬೇಕು.’ ರಾವ್ ಅಭ್ಯಂತರವಿಲ್ಲ ಎಂದರು. ಟೈಲ್ಸ್ ಅಂಗಡಿಯವರು ‘ನಿಮ್ಮಿಷ್ಟ’ ಎಂದರು. ಗೌಡರ ಮುಖ ಅಷ್ಟು ಹಗುರವಾಗಿದ್ದನ್ನು ನಾನು ನೋಡಿರಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಗೊಡಲಿಲ್ಲ ನಾವು. ಆ ವರ್ಷವೇ ನಮ್ಮಲ್ಲಿಗೆ ಹೊಸ ಡಾಕ್ಟರ್ ಬರತೊಡಗಿದ್ದರು. ಶೈಲಜಾ ಎಂದು, ಹೆಬ್ಬಾಳದ ಕಡೆಯವರು, ಹೆಗಲಿಗೆ ಚೀಲದ ಹಾಗೆ ನೇತುಹಾಕಿಕೊಳ್ಳುವ ಸ್ಕ್ಯಾನಿಂಗ್ ಮಷೀನ್ ತಂದಿದ್ದರು. ಆವತ್ತೂ ಅಲ್ಲೇ ಇದ್ದರು. ‘ಈ ಕುದುರೆಗೆ ಏನೂ ತೊಂದ್ರೆ ಇಲ್ಲ ಅನ್ಸುತ್ತೆ. ಇನ್ನೊಂದು ಸೀಸನ್ ಕೊಡಿ ನೋಡೋಣ’ ಎಂದರು. ನಾನೂ ಸೇರಿಸಿದೆ. ‘ಹೌದು ಗೌಡ್ರೇ, ಇನ್ನೊಂದ್ಸಲ ನೋಡೋಣ. ಒಂದು ಮರಿ ಆಗ್ಲಿ, ಆಮೇಲೆ ನಿಮ್ಮ ತೋಟಕ್ಕೇ ತಾಯಿ ಮರಿ ಎರಡೂ ಹೋಗ್ಲಿ.’ ನನ್ನ ತಲೆಯಲ್ಲಿ ಇದ್ದದ್ದು ಆ ಹಳೆಯ ಲೆಕ್ಕಾಚಾರ, ಬಸುರಿಯಾದರೆ ಉಳಿಯಿತು ಎಂಬುದು. ತೋಟದಲ್ಲಿ ಇರಲಿ ಎನ್ನುವ ಮಾತೆಲ್ಲ ಹೆಂಗಸರ ಇವತ್ತಿನ ಅಂತಃಕರಣ, ನಾಳೆ ಯಾರು ಕಂಡರು ಎಂದುಕೊಂಡೆ. ಜಯಮ್ಮ ನನ್ನ ಮುಖ ನೋಡಿ, ‘ನೀನ್ ಏಳಿದ್ರೆ ಸರಿ ಬುಡಪ್ಪ’ ಎಂದರು.

ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಭೀಮನನ್ನು ನಿಲ್ಲಿಸಿದಾಗ ಕೆಂಪಿ ಎಂದಿನಂತೆ ಒದ್ದಳು. ‘ಇಲ್ಲ’ ಎಂದು ಹೇಳಿ ಮುಂದೆ ಹೊರಟೆ. ಡಾಕ್ಟರ್ ಸ್ಕ್ಯಾನ್ ಮಾಡಿ, ‘ರಾಮಾಂಜಿಯವ್ರೇ, ಬನ್ನಿ ಇಲ್ಲಿ’ ಎಂದರು. ಪರದೆಯಲ್ಲಿ ಅಂಡಾಶಯದ ಗುಳ್ಳೆ ನಿಂಬೆಹಣ್ಣಿನಷ್ಟು ದೊಡ್ಡದಾಗಿ ಕಪ್ಪಗೆ ಕಾಣುತ್ತಿತ್ತು. ಬೆದೆ ಬಂದಿತ್ತು, ಅವಳು ತೋರಿಸಿಕೊಂಡಿರಲಿಲ್ಲ ಅಷ್ಟೇ. ಎರಡು ವರ್ಷ ಅವಳು ಒದ್ದದ್ದನ್ನು ನಾನು ನಂಬಿದ್ದೆ. ಭೀಮನೂ ನಾನೂ ಇಬ್ಬರೂ ಸೋತೆವು. ಡಾಕ್ಟರ್ ಮಾತ್ರ ನನ್ನನ್ನು ಹೀಯಾಳಿಸಲಿಲ್ಲ, ‘ಕೆಲವ್ರು ಹಂಗೇ, ಒಳಗಿಂದು ಹೊರಗೆ ತೋರ್ಸಲ್ಲ’ ಎಂದರು. ಮಾರನೆಯ ದಿನ ಬೀಜದ ಕುದುರೆಗೆ ಕೊಟ್ಟೆವು. ಎರಡು ವಾರ ಕಳೆದು ಮತ್ತೆ ಸ್ಕ್ಯಾನ್ ಮಾಡಿದಾಗ ಪರದೆಯ ನಡುವೆ ದುಂಡನೆಯ ಕಪ್ಪು ಚುಕ್ಕೆ ಇತ್ತು. ಮೇಜರ್ ಟೋಪಿ ತೆಗೆದರು. ನಾನು ಲಾಯದ ಹಿಂದೆ ಹೋಗಿ ಕಣ್ಣೊರೆಸಿಕೊಂಡೆ. ಉಳಿದಳು ಎಂದುಕೊಂಡೆ.

ಡಾಕ್ಟರ್ ಆ ಚಿತ್ರದ ಒಂದು ಪ್ರಿಂಟನ್ನು ಜಯಮ್ಮನವರಿಗೆ ಕೊಟ್ಟರು. ಅದನ್ನು ಅವರು ದೇವರ ಮನೆಯಲ್ಲಿ ಇಟ್ಟಿದ್ದಾರೆಂದು ಗೌಡರು ನನಗೆ ಹೇಳಿದಾಗ ಅವರ ದನಿಯಲ್ಲಿ ಹೆಮ್ಮೆಯೂ ಇತ್ತು, ಮುಜುಗರವೂ ಇತ್ತು. ಆ ಮಳೆಗಾಲ ಕೆಂಪಿ ಬಹಳ ಚೆನ್ನಾಗಿದ್ದಳು. ಬಕೆಟ್ ಉರುಳಿಸುವುದನ್ನು ಬಿಟ್ಟಿದ್ದಳು. ಬೆಳಗಾದರೂ ಮಲಗಿರುತ್ತಿದ್ದಳು, ನಾನು ಹೋಗಿ ಎಬ್ಬಿಸಬೇಕಿತ್ತು.

ಆಯುಧಪೂಜೆ ಕಳೆದ ಮೇಲೆ ಒಂದು ದಿನ ಎರಡು ಕಾರು ಬಂದವು. ಒಂದರಲ್ಲಿ ನಾಲ್ವರು ಗಂಡಸರು. ಇನ್ನೊಂದರಲ್ಲಿ ಜಯಮ್ಮ, ಅವರ ಮಗಳು, ಓರಗಿತ್ತಿ, ಇನ್ನಿಬ್ಬರು ಮುತ್ತೈದೆಯರು. ಮಡಿಲು ತುಂಬಲು ಬಂದಿದ್ದರು. ಬಸುರಿ ಮಗಳಿಗೆ ತುಂಬುವ ಹಾಗೆಯೇ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದಚ್ಚು, ವೀಳ್ಯದೆಲೆ, ಹಸಿರು ಬಳೆ, ಹಸಿರು ಕುಪ್ಪಸದ ಕಣ. ಮೇಜರ್ ಒಂದು ಸಲ ಸೀಟಿಯನ್ನು ಬಾಯಿಗಿಟ್ಟು ತೆಗೆದರು.

‘ಅಮ್ಮ, ತಿನ್ನೋಕೆ ಮಾತ್ರ ಏನೂ ಕೊಡ್ಬೇಡಿ. ಕಾಲಿಕ್ ಆಗುತ್ತೆ, ಹೊಟ್ಟೆ ನೋವು ಬಂದ್ರೆ ಕುದುರೆ ಉಳಿಯಲ್ಲ.’

‘ಗೊತ್ತಪ್ಪಾ. ಶಾಸ್ತ್ರಕ್ಕೆ ಅಷ್ಟೇ’ ಎಂದರು ಜಯಮ್ಮ. ‘ನಮ್ಮನೆ ಎಣ್ಮಗ್ಳು. ಏಳು ತಿಂಗ್ಳಾಯ್ತು, ಮಡ್ಲು ತುಂಬ್ದೆ ಇರಾಕಾಯ್ತದಾ?’

ಕುದುರೆಗೆ ಮಡಿಲು ಎಲ್ಲಿ? ಬೆನ್ನಿನ ಮೇಲೆ ಬಿಳಿ ಟವೆಲ್ ಹಾಸಿ, ಅದರ ಮೇಲೆ ಕುಪ್ಪಸದ ಕಣ ಇಟ್ಟು ಒಬ್ಬೊಬ್ಬರಾಗಿ ಐದೈದು ಬೊಗಸೆ ಅಕ್ಕಿ ಹಾಕಿದರು. ಬಳೆಗಳನ್ನು ದಾರದಲ್ಲಿ ಪೋಣಿಸಿ ಕೊರಳ ಪಟ್ಟಿಗೆ ಕಟ್ಟಿದರು. ಹಣೆಯ ಬಿಳಿ ಮಚ್ಚೆಗೆ ಅರಿಶಿನ, ಕುಂಕುಮ. ರೇಸು ಗೆದ್ದು ಫೋಟೋಗೆ ನಿಂತು ಅಭ್ಯಾಸವಿದ್ದ ಕೆಂಪಿ ಅಲುಗಾಡದೆ ನಿಂತಿದ್ದಳು. ಓರಗಿತ್ತಿ ಸೋಬಾನೆಯ ಒಂದು ಸಾಲು ಎತ್ತಿದರು, ಉಳಿದವರು ನಗುತ್ತಾ ಸೇರಿಕೊಂಡರು. ನಮ್ಮ ಲಾಯದ ಹುಡುಗರೆಲ್ಲ ಕೆಲಸ ಬಿಟ್ಟು ನಿಂತಿದ್ದರು.

ಅಷ್ಟರಲ್ಲಿ ಹೊಂಗೆ ಮರದ ಕೆಳಗಿನಿಂದ ಕಾಫಿಗೆ ಕರೆ ಬಂತು. ನಾನೇ ತಟ್ಟೆ ಹಿಡಿದುಕೊಂಡು ಹೋದೆ. ಚಂದ್ರಪ್ಪ ಮಾತಾಡುತ್ತಿದ್ದರು.

‘ಮಹಾರಾಷ್ಟ್ರದ ಫಾರಮ್ಮೋರು ಕೇಳ್ತಾವ್ರೆ. ಈ ಬೀಜದ ಮರಿ ಹೊಟ್ಟೇಲಿರೋ ಕುದ್ರೇನೇ ಬೇಕಂತೆ ಅವ್ರಿಗೆ. ಈದ್ಮೇಲೆ ಗಂಡೋ ಹೆಣ್ಣೋ, ಉಳೀತೋ ಹೋಯ್ತೋ, ಯಾವನಿಗ್ಗೊತ್ತು. ಕೊಡೋದಾದ್ರೆ ಈಗ್ಲೇ ಕೊಟ್ಬುಡ್ಬೇಕು.’

‘ಲಾಜಿಕಲಿ ಅದು ಕರೆಕ್ಟು’ ಎಂದರು ರಾವ್. ‘ನಮಗೂ ವಯಸ್ಸಾಯ್ತು. ಒಳ್ಳೇ ಹೆಸರಲ್ಲೇ ಸಿಂಡಿಕೇಟ್ ಮುಗಿಸೋಣ. ಪ್ರಯಾಣಕ್ಕೆ ತೊಂದ್ರೆ ಇಲ್ವಾ ಮೇಜರ್?’

‘ಈ ತಿಂಗಳು ಕಳಿಸಿದ್ರೆ ತೊಂದ್ರೆ ಇಲ್ಲ’ ಎಂದರು ಮೇಜರ್. ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರವೇ. ಆದರೆ ಅವರು ಲಾಯದ ಕಡೆ ನೋಡಲಿಲ್ಲ.

‘ನಿಮ್ಮಿಷ್ಟ’ ಎಂದರು ಟೈಲ್ಸ್ ಅಂಗಡಿಯವರು.

ಇನ್ನು ಉಳಿದವರು ಗೌಡರು. ನಾನು ಲೋಟ ಕೊಟ್ಟೆ, ತೆಗೆದುಕೊಂಡರು. ಲಾಯದಿಂದ ಸೋಬಾನೆ ಕೇಳಿಬರುತ್ತಿತ್ತು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ತಟ್ಟೆ ಹಿಡಿದು ಬೇಕೆಂದೇ ನಿಂತಿದ್ದೆ. ತೋಟಕ್ಕೆ ಒಯ್ಯುತ್ತೇನೆ ಎಂದು ಒಂದು ಮಾತು ಬಂದಿದ್ದರೆ ಚಂದ್ರಪ್ಪ ಕೂಡ ಎದುರಾಡುತ್ತಿರಲಿಲ್ಲ, ಅವರಿಗೆ ಭಾವನ ಮೇಲೆ ಅಷ್ಟು ಗೌರವ. ಆದರೆ ಬಂಜೆ ಕುದುರೆಯನ್ನು ಕೇಳುವುದು ಬೇರೆ, ಬೆಲೆಯುಳ್ಳ ಬಸುರಿ ಕುದುರೆಯನ್ನು ಕೇಳುವುದು ಬೇರೆ. ಹೆಂಡತಿಯ ಮಾತು ಕಟ್ಟಿಕೊಂಡು ನಾಲ್ಕು ಜನರ ಸೊತ್ತು ಹೊಡೆದುಕೊಂಡ ಎಂದು ಯಾರಾದರೂ ಅಂದಾರು ಎಂಬ ಸಂಕೋಚ ಅವರನ್ನು ಕಟ್ಟಿಹಾಕಿತ್ತು. ಯಾರಾದರೂ ಕೇಳಿದರೆ ಹೇಳೋಣ ಎಂದು ಅವರು ಕಾದರು. ಹಿರಿಯರನ್ನು ಕೇಳಬಾರದು ಎಂದು ಇವರು ಸುಮ್ಮನಿದ್ದರು. ಕಾಫಿ ಮುಗಿಯಿತು. ಗೌಡರು ಲೋಟವನ್ನು ತಟ್ಟೆಗೆ ಇಟ್ಟು, ‘ಹೊತ್ತಾಯ್ತು, ಹೊರಡೋಣ’ ಎಂದು ಎದ್ದರು. ಅಲ್ಲಿಗೆ ಕೆಂಪಿ ಮಾರಾಟವಾದಳು.

ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಬೇಕೆಂದುಕೊಂಡದ್ದು ಇದೇ. ನಿಮ್ಮ ಕೈಯಲ್ಲಿ ಕುದುರೆಯ ಪ್ರಾಣ ಇರುತ್ತದೆ, ಅದರ ಹಣೆಬರಹ ಮಾತ್ರ ಕುರ್ಚಿಯಲ್ಲಿ ಕೂತವರ ಬಾಯಲ್ಲಿ ಇರುತ್ತದೆ. ನಾವು ಕಾಫಿ ಕೊಟ್ಟು ಬರಬೇಕು. ಆವತ್ತು ನಾನು ತಪ್ಪು ಮಾಡಿದೆ ಎಂದು ಇವತ್ತಿಗೂ ಹೇಳಲಾರೆ. ನನ್ನ ಕೆಲಸವನ್ನು ಸರಿಯಾಗಿ ಮಾಡಿದ್ದೆ. ಗರ್ಭ ನಿಲ್ಲಿಸಿ ಎಂದರು, ನಿಲ್ಲಿಸಿದೆವು. ಅದಕ್ಕೇ ಈ ನೋವು ಇಷ್ಟು ವರ್ಷವಾದರೂ ಹೋಗುವುದಿಲ್ಲ.

ಕುದುರೆ ಸಾಗಿಸುವ ಲಾರಿ ಸೋಮವಾರ ಬಂತು. ಹಲಗೆಯ ಮೇಲೆ ಹತ್ತಲು ಅವಳು ಒಂದಿಷ್ಟೂ ತಕರಾರು ಮಾಡಲಿಲ್ಲ, ರೇಸಿಗೆ ಎಷ್ಟೋ ಸಲ ಹೀಗೆ ಹತ್ತಿದವಳು. ಮತ್ತೆ ಓಡಿಸುತ್ತಾರೆ ಎಂದುಕೊಂಡಳೋ ಏನೋ, ಕಿವಿ ಮುಂದೆ ಮಾಡಿ ಉತ್ಸಾಹದಲ್ಲೇ ಹತ್ತಿದಳು. ಕೊರಳ ಬಳೆಗಳನ್ನು ಬಿಚ್ಚಿ ನನ್ನ ಜೇಬಿಗೆ ಹಾಕಿಕೊಂಡಿದ್ದೆ, ದಾರಿಯಲ್ಲಿ ಒಡೆದು ಚುಚ್ಚದಿರಲಿ ಎಂದು. ಮುಂದಿನ ವರ್ಷ ಅಲ್ಲಿ ಹೆಣ್ಣು ಮರಿ ಈದಳೆಂದು, ತಾಯಿ ಮರಿ ಚೆನ್ನಾಗಿವೆಯೆಂದು ಮೇಜರ್ ಹೇಳಿದರು. ಆಮೇಲೆ ಆ ಫಾರಂ ಕೂಡ ಕೈ ಬದಲಾಯಿತಂತೆ. ಅಲ್ಲಿಂದ ಮುಂದೆ ಅವಳ ಸುದ್ದಿ ಯಾರಿಗೂ ಗೊತ್ತಿಲ್ಲ.

ಲಾರಿ ಹೋದ ವಾರದ ಶುಕ್ರವಾರ ಜಯಮ್ಮ ಎಂದಿನಂತೆ ಹುಲ್ಲಿನ ಕಟ್ಟು ಹಿಡಿದುಕೊಂಡು ಬಂದರು. ಅವರ ನಗು ನೋಡಿಯೇ ನನಗೆ ಗೊತ್ತಾಯಿತು, ಗೌಡರು ಮನೆಯಲ್ಲೂ ಬಾಯಿ ಬಿಟ್ಟಿರಲಿಲ್ಲ.

‘ಎಲ್ಲಪ್ಪಾ ನಮ್ ಉಡ್ಗಿ? ಬಯ್ಲಿಗ್ ಬಿಟ್ಟಿದೀರಾ?’

‘ಗೌಡ್ರು ಹೇಳ್ಲಿಲ್ವಾ ಅಮ್ಮ?’ ಎಂದೆ.

ಅವರು ಲಾಯದ ಒಳಗೆ ನೋಡಿದರು. ತೊಳೆದು, ಸುಣ್ಣ ಹಾಕಿ, ಮುಂದಿನ ಕುದುರೆಗೆಂದು ಹೊಸ ಹುಲ್ಲು ಹಾಸಿದ್ದೆವು. ನಾನು ಎಲ್ಲವನ್ನೂ ಹೇಳಿದೆ. ಹೇಳುತ್ತಾ, ಸಮಾಧಾನಕ್ಕೆಂದು, ‘ಒಳ್ಳೇ ಜಾಗಕ್ಕೇ ಹೋಗಿದಾಳಮ್ಮ. ಬಸುರಿ ಅಲ್ವಾ, ಚೆನ್ನಾಗಿ ನೋಡ್ಕೋತಾರೆ’ ಎಂದೆ.

ಜಯಮ್ಮ ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

‘ನನ್ನ ಬಂಜೆ ಬಂಜೆ ಅಂತ ನಮ್ಮತ್ತೆ ದಿನಾ ಅಂತಿದ್ರು ರಾಮಾಂಜಿ’ ಎಂದರು. ‘ಅಂದ್ರೂ ಮನೆಯಿಂದ ಆಚೆಗ್ ಆಕ್ಲಿಲ್ಲ. ಇವ್ಳ್ನ ನೋಡು, ಬಸ್ರಿ ಆದ್ಲು ಅಂತ ಆಚೆಗ್ ಕಳುಸ್ಬುಟ್ರು.’

ಅವರು ಒದ್ದೆ ಬಟ್ಟೆಯ ಗಂಟು ಬಿಚ್ಚಿ, ತಂದಿದ್ದ ಗರಿಕೆಯನ್ನೆಲ್ಲ ಆ ಖಾಲಿ ಗೋದಲಿಗೆ ಹಾಕಿ, ಬಟ್ಟೆಯನ್ನು ಕೊಡವಿ ಮಡಚಿಕೊಂಡು ಕಾರಿನ ಕಡೆ ಹೋದರು.